‘ಮಲಗಿರಲಿ ಪಾಪ’ ಎನ್ನುವ ಮುನ್ನ

“ಅಯ್ಯೋ, ಏಳಿಸಬೇಡಿ ಸಿಸ್ಟರ್! ನಿನ್ನೆ ತಾನೇ ಹೊಟ್ಟೆ ಕೊಯ್ದಿದ್ದಾರೆ. ಮಲಗಿರಲಿ ಪಾಪ!”

ಹೀಗೆ ಕೂಗಿಕೊಂಡವಳು ನಾನೇ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ, ಬೆಳಗಿನ ಎಂಟು ಗಂಟೆಗೆ. ನಮ್ಮ ಅತ್ತಿಗೆಗೆ ಪಿತ್ತಕೋಶದ ಕ್ಯಾನ್ಸರಿಗಾಗಿ ಆಪರೇಷನ್ ಆಗಿ ಇನ್ನೂ ಇಪ್ಪತ್ತು ಗಂಟೆ ಕಳೆದಿರಲಿಲ್ಲ. ಅಷ್ಟರಲ್ಲೇ ನರ್ಸ್ ಬಂದು ಮಂಚದ ತಲೆಭಾಗ ಎತ್ತಿ, “ಬನ್ನಿ ಅಮ್ಮಾ, ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಕಾಲು ಇಳಿಬಿಡಿ” ಎನ್ನುತ್ತಿದ್ದಾಳೆ!

ಅವಳು ನನ್ನ ಕಡೆ ನೋಡಿ ನಕ್ಕು, “ಮಲಗಿದ್ರೇನೇ ಪಾಪ ಆಂಟಿ” ಅಂದಳು.

ಅತ್ತಿಗೆ ಹಲ್ಲು ಕಚ್ಚಿಕೊಂಡು ಎದ್ದು ಕೂತರು. ಎರಡು ಹೆಜ್ಜೆ ಇಟ್ಟು ಕುರ್ಚಿ ಸೇರಿದರು. ಅರ್ಧ ಗಂಟೆ ಕೂತು ಅರ್ಧ ಲೋಟ ತೆಳು ಗಂಜಿ ಕುಡಿದರು. ಮಧ್ಯಾಹ್ನ ವಾರ್ಡಿನ ಬಾಗಿಲ ತನಕ ನಡೆದು ಬಂದರು. ನನಗಂತೂ ಎದೆ ಡವಡವ!

ಅದಕ್ಕೆ ಕಾರಣವೂ ಇತ್ತು. 1978ರಲ್ಲಿ ನಮ್ಮ ದೊಡ್ಡಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆದಾಗ ನಾನು ಹತ್ತು ವರ್ಷದ ಹುಡುಗಿ. ಮೂಗಿನಲ್ಲಿ ನಳಿಕೆ, ಕೈಗೆ ಗ್ಲೂಕೋಸ್ ಬಾಟ್ಲಿ, ನಾಲ್ಕು ದಿನ ಬಾಯಿಗೆ ಒಂದು ತೊಟ್ಟೂ ನೀರಿಲ್ಲ. ತುಟಿಗೆ ಒದ್ದೆ ಹತ್ತಿ ಸವರುತ್ತಿದ್ದರು. ಹನ್ನೆರಡು ದಿನ ಮಲಗಿದ್ದು ಮನೆಗೆ ಬಂದಾಗ ಇಬ್ಬರು ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಆಪರೇಷನ್ ಎಂದರೆ ಹಾಸಿಗೆ ಹಿಡಿಯುವುದು ಎಂಬ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಿಮ್ಮಲ್ಲೂ ಅನೇಕರ ತಲೆಯಲ್ಲಿ ಅದೇ ಕೂತಿರಬಹುದು. ಅದಕ್ಕೇ ಈ ಲೇಖನ.

ಆಪರೇಷನ್ನಿನ ನಂತರ ರೋಗಿ ಬೇಗ ಚೇತರಿಸಿಕೊಳ್ಳಲೆಂದು ರೂಪಿಸಿದ ಒಂದು ಕ್ರಮ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ‘ಇರಾಸ್’ ಎಂದು ಡಾಕ್ಟರರು ಕರೆಯುವ ಇದನ್ನು ನಾವು ‘ತ್ವರಿತ ಚೇತರಿಕೆ ಕ್ರಮ’ ಎನ್ನೋಣ. ಇದರಲ್ಲಿ ಡಾಕ್ಟರರ ಪಾಲು ಎಷ್ಟಿದೆಯೋ ಮನೆಯವರ ಪಾಲೂ ಅಷ್ಟೇ ಇದೆ ಎಂಬುದು ನಾನು ಅತ್ತಿಗೆಯ ಜೊತೆಯಲ್ಲಿದ್ದು ಕಲಿತ ಪಾಠ.

ಪಿತ್ತಕೋಶಕ್ಕೂ ಕ್ಯಾನ್ಸರೇ?

ನಮ್ಮ ಬಲ ಪಕ್ಕೆಲುಬಿನ ಕೆಳಗೆ ಯಕೃತ್ತು, ಅಂದರೆ ಲಿವರ್ ಇದೆ. ಅದರ ಅಡಿಯಲ್ಲಿ ಅಂಟಿಕೊಂಡಿರುವ, ಸಣ್ಣ ಬದನೆಕಾಯಿಯಷ್ಟು ದೊಡ್ಡ ಚೀಲವೇ ಪಿತ್ತಕೋಶ. ಲಿವರ್ ತಯಾರಿಸುವ ಪಿತ್ತರಸವನ್ನು ಕೂಡಿಟ್ಟುಕೊಂಡು, ನಾವು ಜಿಡ್ಡಿನ ಪದಾರ್ಥ ತಿಂದಾಗ ಕರುಳಿಗೆ ಬಿಡುವುದು ಅದರ ಕೆಲಸ. ಕಲ್ಲುಗಳಾಗುವುದೂ ಅಲ್ಲೇ.

ಪಿತ್ತಕೋಶದ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಜಗತ್ತಿನಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲೂ, ನಮ್ಮ ದೇಶದಲ್ಲಿ ಗಂಗಾ ನದಿಯ ಬಯಲಿನ ಉತ್ತರ ಪ್ರದೇಶ, ಬಿಹಾರಗಳಲ್ಲೂ ಇದು ಹೆಚ್ಚಾಗಿ ಕಾಣುತ್ತದೆ. ದಕ್ಷಿಣದಲ್ಲಿ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಈ ಕ್ಯಾನ್ಸರ್ ಬಂದವರಲ್ಲಿ ಬಹಳ ಮಂದಿಗೆ ಕಲ್ಲುಗಳೂ ಇರುತ್ತವೆ. ಹಾಗೆಂದು ಕಲ್ಲಿರುವವರೆಲ್ಲ ಹೆದರಬೇಕಾಗಿಲ್ಲ. ಕಲ್ಲಿದ್ದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ.

ಕಷ್ಟವೇನೆಂದರೆ, ಈ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ಅತ್ತಿಗೆಗೆ ಆರು ವರ್ಷದಿಂದ ಊಟವಾದ ಮೇಲೆ ಬಲಗಡೆ ನೋವು. “ಗ್ಯಾಸು ಕಣೇ, ಓಮದ ನೀರು ಕುಡಿದರೆ ಹೋಗುತ್ತೆ” ಎನ್ನುತ್ತಿದ್ದರು. ಕೊನೆಗೆ ಅರಸೀಕೆರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಎಂದಾಯಿತು. ಕಿಂಡಿ ಆಪರೇಷನ್ನಿನಲ್ಲಿ ಪಿತ್ತಕೋಶ ತೆಗೆದು ಮೂರನೇ ದಿನ ಮನೆಗೂ ಕಳಿಸಿದರು. ಎರಡು ವಾರದ ಮೇಲೆ ಹೊಲಿಗೆ ತೋರಿಸಲು ಹೋದಾಗ ಡಾಕ್ಟರರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರಂತೆ. ತೆಗೆದ ಪಿತ್ತಕೋಶದ ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್ ಇತ್ತು.

ಸೋದರಿಯರೇ, ಇಲ್ಲಿ ಒಂದು ಮಾತು. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಹೀಗೆ ಅನಿರೀಕ್ಷಿತವಾಗಿ ಕ್ಯಾನ್ಸರ್ ಸಿಗುವುದುಂಟು. ಆದ್ದರಿಂದ ನಿಮ್ಮವರಿಗೆ ಯಾರಿಗೇ ಪಿತ್ತಕೋಶ ತೆಗೆದರೂ “ಬಯಾಪ್ಸಿಗೆ ಕಳಿಸಿದ್ದೀರಾ?” ಎಂದು ಕೇಳಿ. ವರದಿಯನ್ನು ಕೈಗೆ ಪಡೆದು ಡಾಕ್ಟರರಿಗೆ ತೋರಿಸಿ. ಆ ಕಾಗದವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಬೇಡಿ.

ರೋಗ ಪಿತ್ತಕೋಶದ ತೀರಾ ಒಳಪದರದಲ್ಲೇ ಇದ್ದರೆ ಚೀಲ ತೆಗೆದರೆ ಸಾಕಾಗುತ್ತದೆ. ಅದು ಸ್ನಾಯುಪದರಕ್ಕೆ ಇಳಿದಿದ್ದರೆ, ಬೇರೆಡೆಗೆ ಹರಡಿಲ್ಲವೆಂದು ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಂಡು ದೊಡ್ಡ ಆಪರೇಷನ್ ಮಾಡುತ್ತಾರೆ. ಪಿತ್ತಕೋಶ ಅಂಟಿಕೊಂಡಿದ್ದ ಕಡೆಯ ಲಿವರಿನ ಒಂದು ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಲಿವರ್ ಆರೋಗ್ಯವಾಗಿದ್ದರೆ ತೆಗೆದಷ್ಟನ್ನು ತುಂಬಿಕೊಳ್ಳುವ ಶಕ್ತಿ ಅದಕ್ಕಿದೆ. ಅತ್ತಿಗೆಗೆ ಬೆಂಗಳೂರಿನಲ್ಲಿ ಆಗಬೇಕಾಗಿದ್ದದ್ದು ಇದೇ.

ಹಾಸಿಗೆಯೇ ಶತ್ರುವಾದಾಗ

ಮಲಗಿದ್ದರೆ ಗಾಯ ಬೇಗ ಮಾಯುತ್ತದೆ ಎಂದು ನಾವು ನಂಬಿದ್ದೇವೆ. ಆದರೆ 1947ರಲ್ಲೇ ಲಂಡನ್ನಿನ ರಿಚರ್ಡ್ ಆಶರ್ ಎಂಬ ವೈದ್ಯರು ಹಾಸಿಗೆಯಿಂದ ರೋಗಿಗೆ ಆಗುವ ಅಪಾಯಗಳನ್ನು ಕುರಿತು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತದೆ. ಕರುಳು ಮಂದವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈಯ ಮಾಂಸಖಂಡ ಕರಗುತ್ತದೆ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಇಳಿದುಹೋಗಿತ್ತು! ರೋಗವಿಲ್ಲದವರ ಪಾಡೇ ಹೀಗಾದರೆ ಹೊಟ್ಟೆ ಕೊಯ್ಸಿಕೊಂಡವರ ಗತಿಯೇನು?

1990ರ ದಶಕದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಒಂದು ಸರಳ ಪ್ರಶ್ನೆ ಹಾಕಿಕೊಂಡರು: ಆಪರೇಷನ್ ಚೆನ್ನಾಗಿಯೇ ಆಗಿರುವ ರೋಗಿ ಇಂದು ಮನೆಗೆ ಹೋಗಲು ಏಕೆ ಆಗುತ್ತಿಲ್ಲ? ನೋವು, ವಾಕರಿಕೆ, ಉಪವಾಸ, ನಿಶ್ಶಕ್ತಿ, ಮೈಗೆ ಚುಚ್ಚಿದ ನಳಿಕೆಗಳು, ಇವೇ ತಾನೇ ತಡೆ? ಒಂದೊಂದನ್ನೂ ಬಿಡಿಬಿಡಿಯಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ನಿಭಾಯಿಸಿದರೆ? ಹಾಗೆ ಮಾಡಿದಾಗ, ದೊಡ್ಡಕರುಳಿನ ಆಪರೇಷನ್ ಆಗಿ ವಾರಕ್ಕೂ ಮೇಲ್ಪಟ್ಟು ಆಸ್ಪತ್ರೆಯಲ್ಲಿರುತ್ತಿದ್ದವರು ಎರಡು ಮೂರು ದಿನಕ್ಕೇ ಮನೆಗೆ ಹೊರಡುವಂತಾಯಿತು. 2001ರಲ್ಲಿ ಯುರೋಪಿನ ಕೆಲವು ಶಸ್ತ್ರವೈದ್ಯರು ಒಂದುಗೂಡಿ ಈ ಕ್ರಮವನ್ನು ಬೆಳೆಸಿದರು. 2010ರಲ್ಲಿ ಇದಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಲಿವರಿನ ಆಪರೇಷನ್ನುಗಳಿಗೆ 2016ರಲ್ಲಿ ನಿಯಮಾವಳಿ ಬಂತು. ಪಿತ್ತಕೋಶದ ಕ್ಯಾನ್ಸರಿನಲ್ಲಿ ಲಿವರನ್ನೂ ಕೊಯ್ಯುವುದರಿಂದ ಅದೇ ಕ್ರಮವನ್ನು ಇಲ್ಲಿಗೂ ಹೊಂದಿಸಿಕೊಳ್ಳುತ್ತಾರೆ.

ಶುರುವಾಗುವುದು ಆಪರೇಷನ್ನಿಗೆ ಮೊದಲೇ

ಮೊದಲ ಭೇಟಿಯಲ್ಲೇ ಡಾಕ್ಟರರು ಅತ್ತಿಗೆಯನ್ನು ಕೇಳಿದ್ದು, “ಮನೆಯಲ್ಲಿ ನೀವು ಯಾವಾಗ ಊಟ ಮಾಡ್ತೀರಮ್ಮ?” ಅತ್ತಿಗೆ ಸಹಜವಾಗಿ, “ಎಲ್ಲರದೂ ಆದ ಮೇಲೆ ಡಾಕ್ಟ್ರೇ, ಉಳಿದದ್ದು” ಅಂದರು. ಡಾಕ್ಟರರು ನಮ್ಮಣ್ಣನ ಮುಖ ನೋಡಿದರು. ಅಣ್ಣ ನೆಲ ನೋಡಿದ.

ಅತ್ತಿಗೆಯ ಹಿಮೋಗ್ಲೋಬಿನ್ ಒಂಬತ್ತೂವರೆ ಇತ್ತು. ರಕ್ತಹೀನತೆ ಇಟ್ಟುಕೊಂಡು ದೊಡ್ಡ ಆಪರೇಷನ್ನಿಗೆ ಹೋಗುವುದು ಸೋರುವ ದೋಣಿಯಲ್ಲಿ ಹೊಳೆ ದಾಟಿದಂತೆ. ಇದ್ದ ಮೂರು ವಾರದಲ್ಲಿ ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ಕೊಟ್ಟರು. ಆಹಾರತಜ್ಞೆ ಲೆಕ್ಕ ಹಾಕಿದರು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು. ಅತ್ತಿಗೆಯ ತೂಕ 50 ಕಿಲೋ. ಅಂದರೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ನೂರು ಗ್ರಾಂ ಹೆಸರುಬೇಳೆಯಲ್ಲಿ ಇಪ್ಪತ್ತನಾಲ್ಕು ಗ್ರಾಂ ಸಿಗುತ್ತದೆ. ಅನ್ನ-ಸಾರಿನಲ್ಲೇ ಈ ಲೆಕ್ಕ ತುಂಬುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಜೊತೆಗೆ ದಿನಾ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ನಡಿಗೆ. ಉಸಿರಿಗೆ ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಕೊಳವೆ ಬಾಯಲ್ಲಿಟ್ಟು ಉಸಿರನ್ನು ನಿಧಾನವಾಗಿ ಒಳಕ್ಕೆಳೆದರೆ ಚೆಂಡುಗಳು ಮೇಲೇರುತ್ತವೆ. ಮೊಮ್ಮಗ ಪಕ್ಕದಲ್ಲಿ ಕೂತು ಎಣಿಸುತ್ತಿದ್ದ. ಬೀಡಿ ಸಿಗರೇಟು, ಹೊಗೆಸೊಪ್ಪು, ಕುಡಿತ ಇದ್ದವರಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಲು ಹೇಳುತ್ತಾರೆ. ಅತ್ತಿಗೆಗೆ ಎಲೆಯಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪಿನ ಅಭ್ಯಾಸವಿತ್ತು. ಅದನ್ನು ಬಿಟ್ಟದ್ದೇ ಎಲ್ಲಕ್ಕಿಂತ ಕಷ್ಟವಾಯಿತೆಂದು ಈಗಲೂ ಹೇಳುತ್ತಾರೆ!

ರಾತ್ರಿಯೆಲ್ಲ ಉಪವಾಸವೇಕೆ?

ಆಪರೇಷನ್ನಿನ ಹಿಂದಿನ ಮಧ್ಯರಾತ್ರಿಯಿಂದ ನೀರೂ ಕುಡಿಯಬಾರದು ಎಂಬ ನಿಯಮ ನಮಗೆಲ್ಲ ಗೊತ್ತು. 1946ರಲ್ಲಿ ನ್ಯೂಯಾರ್ಕಿನ ಮೆಂಡೆಲ್ಸನ್ ಎಂಬ ವೈದ್ಯರು, ಅರಿವಳಿಕೆ ಕೊಟ್ಟ ಬಾಣಂತಿಯರಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವನ್ನು ವಿವರಿಸಿದರು. ಆ ಭಯದಿಂದ ಬೆಳೆದ ನಿಯಮ ಇದು. ಆಮೇಲೆ ನಡೆದ ಸಂಶೋಧನೆಗಳು ಹೇಳುವುದೇನೆಂದರೆ, ತಿಳಿಯಾದ ದ್ರವ ಹೊಟ್ಟೆಯಿಂದ ಬಹುಬೇಗ ಮುಂದೆ ಸಾಗುತ್ತದೆ. ಹಾಗಾಗಿ ಲಘು ಆಹಾರವನ್ನು ಆರು ಗಂಟೆ ಮೊದಲು ನಿಲ್ಲಿಸಬೇಕು, ತಿಳಿನೀರು, ಸಕ್ಕರೆ ನೀರು, ಹಾಲಿಲ್ಲದ ಚಹಾ ಇವುಗಳನ್ನು ಎರಡು ಗಂಟೆ ಮೊದಲಿನ ತನಕ ಕೊಡಬಹುದು ಎಂಬುದು ಇಂದಿನ ಕ್ರಮ. ಹಾಲು ತಿಳಿದ್ರವವಲ್ಲ, ನೆನಪಿಡಿ!

ಅತ್ತಿಗೆಗೆ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯವರೇ ಒಂದು ಸಿಹಿ ಪಾನೀಯ ಕುಡಿಸಿದರು. ಹೊಟ್ಟೆ ಉರಿಯದೆ, ತಲೆ ಸುತ್ತದೆ ಒಳಗೆ ಹೋದರು. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ ಈ ಲೆಕ್ಕ ಬೇರೆ. ನಿಮಗೆ ನೀವೇ ತೀರ್ಮಾನ ಮಾಡಬೇಡಿ. ಅರಿವಳಿಕೆ ಡಾಕ್ಟರರು ಹೇಳಿದ ಗಂಟೆಯೇ ಗಂಟೆ.

ಒಳಗೆ ಮೈ ತಣ್ಣಗಾಗದಂತೆ ಬೆಚ್ಚಗಿಡುತ್ತಾರೆ, ರಕ್ತನಾಳದ ಮೂಲಕ ಬೇಕಾದಷ್ಟೇ ನೀರು ಕೊಡುತ್ತಾರೆ, ಬೇಡದ ನಳಿಕೆಗಳನ್ನು ಹಾಕುವುದಿಲ್ಲ. ಅತ್ತಿಗೆ ವಾರ್ಡಿಗೆ ಬಂದಾಗ ಮೂಗಿನಲ್ಲಿ ನಳಿಕೆ ಇರಲಿಲ್ಲ. ಮೂತ್ರದ ನಳಿಕೆ ಮಾರನೆಯ ದಿನ ಹೋಯಿತು. ಹೊಟ್ಟೆಯ ಪಕ್ಕದ ನಳಿಕೆಯೊಂದನ್ನು ಮಾತ್ರ ಮೂರನೇ ದಿನದ ತನಕ ಇಟ್ಟಿದ್ದರು.

ನೋವು ನುಂಗುವುದು ಸಹನೆಯಲ್ಲ

ಎರಡನೇ ರಾತ್ರಿ ನರ್ಸ್ ಬಂದು, “ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಎಷ್ಟು ನಂಬರ್ ಕೊಡ್ತೀರಮ್ಮಾ?” ಎಂದು ಕೇಳಿದಳು. ಅತ್ತಿಗೆ “ಎರಡು” ಅಂದರು. ಅವಳು ಹೋದ ಮೇಲೆ ನನ್ನ ಕೈ ಹಿಸುಕಿದರು. ಕಣ್ಣಲ್ಲಿ ನೀರು. “ಏಳೆಂಟು ಇರಬಹುದು ಕಣೇ. ಪದೇ ಪದೇ ಹೇಳಿದರೆ ಏನಂದ್ಕೋತಾರೋ...”

ನಾನು ಎದ್ದು ಹೋಗಿ ನರ್ಸನ್ನು ಕರೆತಂದೆ. ಅವಳು ಗದರಲಿಲ್ಲ. ಔಷಧ ಕೊಟ್ಟು, ಮಂಚದ ಅಂಚಿನಲ್ಲಿ ಕೂತು ವಿವರಿಸಿದಳು. ನೋವಿದ್ದರೆ ಆಳವಾಗಿ ಉಸಿರು ಎಳೆಯಲಾಗುವುದಿಲ್ಲ. ಕೆಮ್ಮಲಾಗದೆ ಕಫ ಒಳಗೇ ಉಳಿಯುತ್ತದೆ. ಏಳಲಾಗದೆ ಮಲಗಿಬಿಡುತ್ತೀರಿ. ಅಲ್ಲಿಗೆ ಇಡೀ ಕ್ರಮವೇ ಕುಸಿಯುತ್ತದೆ. ಅದಕ್ಕೇ ನೋವನ್ನು ಹಲವು ಬಗೆಯಿಂದ ತಡೆಯುತ್ತಾರೆ. ಬೆನ್ನಿನ ಬಳಿಯೋ ಹೊಟ್ಟೆಯ ಗೋಡೆಗೋ ಮರಗಟ್ಟಿಸುವ ಔಷಧ, ಹೊತ್ತು ಹೊತ್ತಿಗೆ ಪ್ಯಾರಸಿಟಮಾಲ್, ತೀರಾ ಬೇಕಾದಾಗ ಮಾತ್ರ ಮಾರ್ಫಿನ್ ಜಾತಿಯ ಔಷಧ. ಏಕೆಂದರೆ ಮಾರ್ಫಿನ್ ಹೆಚ್ಚಾದರೆ ವಾಕರಿಕೆ, ಮಲಬದ್ಧತೆ, ಮಂಪರು ಬರುತ್ತದೆ.

ನಾವು ಹೆಂಗಸರು ಹೆರಿಗೆ ನೋವನ್ನೂ ನುಂಗಿದವರು, ಮುಟ್ಟಿನ ನೋವನ್ನು ಬಾಯಿಬಿಟ್ಟು ಹೇಳದವರು. ಆದರೆ ಇಲ್ಲಿ ನೋವು ಮುಚ್ಚಿಡುವುದು ರೋಗವನ್ನು ಮುಚ್ಚಿಟ್ಟಂತೆ. ಕೆಮ್ಮುವಾಗ ಹೊಟ್ಟೆಗೆ ಒಂದು ದಿಂಬು ಒತ್ತಿ ಹಿಡಿದುಕೊಳ್ಳಿ, ನೋವು ಕಡಿಮೆಯಾಗುತ್ತದೆ. ಇದು ಅತ್ತಿಗೆ ಹೇಳುವ ಅನುಭವದ ಮಾತು.

ಬಾಯಿಗೆ ರುಚಿ, ಹೊಟ್ಟೆಗೆ ಹಗುರ

ಆಪರೇಷನ್ ಆದ ಸಂಜೆಯೇ ಗುಟುಕು ನೀರು, ಮರುದಿನ ಗಂಜಿ, ಮಜ್ಜಿಗೆ, ಅದರ ಮರುದಿನ ಮೆತ್ತಗಿನ ಅನ್ನ, ಇಡ್ಲಿ. ಆಹಾರ ಕರುಳಿಗೆ ಇಳಿದರೆ ಅದು ಬೇಗ ಎಚ್ಚೆತ್ತುಕೊಳ್ಳುತ್ತದೆ. ವಾಕರಿಕೆ ಬಂದರೆ ಒತ್ತಾಯವಿಲ್ಲ, ನಿಲ್ಲಿಸಿ ತಿಳಿಸಬೇಕು. ಪಿತ್ತಕೋಶ ಇಲ್ಲದವರಿಗೆ ಪಿತ್ತರಸ ಕೂಡಿಡಲು ಜಾಗವಿಲ್ಲ, ಅದು ಸದಾ ತೊಟ್ಟಿಕ್ಕುತ್ತಿರುತ್ತದೆ. ಆದ್ದರಿಂದ ಒಮ್ಮೆಗೇ ಹೊಟ್ಟೆ ಬಿರಿಯ ಊಟ, ಬೋಂಡ-ಬಜ್ಜಿ ಮೊದಮೊದಲು ಬೇಡ, ಭೇದಿಯಾಗಬಹುದು. ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ತಿನ್ನುವುದು ಸರಿ.

ನಾನು ದಿನಾ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದ ಹೆಸರುಬೇಳೆ ಗಂಜಿ ಹೀಗಿದೆ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಘಮ ಬರುವಷ್ಟು ಬೆಚ್ಚಗೆ ಹುರಿದು, ಕಾಲು ಬಟ್ಟಲು ಅಕ್ಕಿಯ ಜೊತೆ ತೊಳೆದು, ಐದು ಬಟ್ಟಲು ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಜೀರಿಗೆ, ಒಂದು ಚೂರು ಶುಂಠಿ ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ. ಶುಂಠಿ ತೆಗೆದುಹಾಕಿ ಚೆನ್ನಾಗಿ ಮಸೆದು, ಉಪ್ಪು, ಅರ್ಧ ಚಮಚ ತುಪ್ಪ, ನಾಲ್ಕು ಹನಿ ನಿಂಬೆರಸ ಬೆರೆಸಿ. ಮೊದಲ ದಿನ ಬಿಸಿನೀರು ಸೇರಿಸಿ ತೆಳ್ಳಗೆ, ಆಮೇಲೆ ಗಟ್ಟಿಯಾಗಿ. ಎರಡು ಮೂರು ಹೊತ್ತಿಗೆ ಹಂಚಿ ಕೊಡಬಹುದು.

ಕೊಡಪಾನದ ಕಥೆ

ಆರನೇ ದಿನ ಅತ್ತಿಗೆಯನ್ನು ಮನೆಗೆ ಕಳಿಸಿದರು. “ಇಷ್ಟು ಬೇಗ ಯಾಕೆ? ಮಂಚ ಖಾಲಿ ಮಾಡಿಸೋಕಾ?” ಎಂದು ನಮ್ಮ ಬೀಗರೊಬ್ಬರು ಗೊಣಗಿದರು. ಆದರೆ ಇಲ್ಲಿ ದಿನ ಎಣಿಸಿ ಕಳಿಸುವುದಲ್ಲ. ಬಾಯಿಂದ ತಿನ್ನುತ್ತಿದ್ದಾರೆಯೇ, ಮಾತ್ರೆಯಲ್ಲೇ ನೋವು ಹತೋಟಿಯಲ್ಲಿದೆಯೇ, ತಾವೇ ಎದ್ದು ಬಚ್ಚಲಿಗೆ ಹೋಗುತ್ತಾರೆಯೇ, ಜ್ವರವಿಲ್ಲವೇ, ರಕ್ತಪರೀಕ್ಷೆ ಸರಿಯಿದೆಯೇ, ಇಷ್ಟನ್ನೂ ನೋಡಿ ಕಳಿಸುತ್ತಾರೆ. ಇವು ಮೂಡದಿದ್ದರೆ ಹತ್ತು ದಿನವಾದರೂ ಅಲ್ಲೇ ಇರಬೇಕು.

ಎರಡು ವಾರ ನಮ್ಮ ಮನೆಯಲ್ಲಿದ್ದು ಅರಸೀಕೆರೆಗೆ ಹೋದರು. ಅಲ್ಲಿ ಹೋದ ಮೂರನೇ ದಿನ ಅಣ್ಣನ ಫೋನು. ಬೀದಿ ನಲ್ಲಿಯಲ್ಲಿ ನೀರು ಬಂದಿತ್ತಂತೆ. ಸೊಸೆ ಕೆಲಸಕ್ಕೆ ಹೋಗಿದ್ದಳು, ಅಣ್ಣ ತೋಟದಲ್ಲಿ. ಅತ್ತಿಗೆ ಒಂದು ಕೊಡಪಾನ ತುಂಬಿ ಎತ್ತಿ ಸೊಂಟಕ್ಕಿಟ್ಟರು. ಗಾಯದ ಹತ್ತಿರ ಚಳಕ್ ಎಂದು ಅಲ್ಲೇ ಕುಕ್ಕರಿಸಿದರು.

“ಯಾಕೆ ಬಿಟ್ಟೆ ಅಣ್ಣಾ?” ಎಂದರೆ, “ಡಾಕ್ಟ್ರೇ ಓಡಾಡು ಅಂದಿದ್ರಲ್ಲಮ್ಮ, ಆರಾಮಾಗೇ ಇದ್ಲಲ್ಲ” ಎಂದ!

ಸದ್ಯ, ಹೊಲಿಗೆ ಬಿಟ್ಟಿರಲಿಲ್ಲ. ಆದರೆ ಆ ರಾತ್ರಿ ನಮಗ್ಯಾರಿಗೂ ನಿದ್ದೆಯಿಲ್ಲ. ಓಡಾಡುವುದು ಬೇರೆ, ದುಡಿಯುವುದು ಬೇರೆ. ಹೊರಗಿನ ಚರ್ಮ ಕೂಡಿದರೂ ಒಳಗಿನ ಹೊಟ್ಟೆಗೋಡೆ ಗಟ್ಟಿಯಾಗಲು ವಾರಗಳೇ ಬೇಕು. ಸಾಮಾನ್ಯವಾಗಿ ಆರು ವಾರ ಭಾರ ಎತ್ತಬಾರದೆನ್ನುತ್ತಾರೆ. ತುಂಬಿದ ಕೊಡಪಾನ ಹತ್ತು ಹನ್ನೆರಡು ಕಿಲೋ ತೂಗುತ್ತದೆ. ಬೋರಲು ಬಾಗಿ ನೆಲ ಒರೆಸುವುದು, ಅಕ್ಕಿ ಮೂಟೆ ಜರುಗಿಸುವುದು, ಮಗು ಎತ್ತಿಕೊಳ್ಳುವುದು ಯಾವುದೂ ಬೇಡ. ದಿನಕ್ಕೆ ನಾಲ್ಕೈದು ಬಾರಿ ಹತ್ತು ನಿಮಿಷದ ನಡಿಗೆ, ನಡುವೆ ವಿಶ್ರಾಂತಿ, ಇಷ್ಟೇ.

ಇದನ್ನು ವಿಶೇಷವಾಗಿ ಏಕೆ ಹೇಳುತ್ತೇನೆಂದರೆ, ಗಂಡಸು ಆಸ್ಪತ್ರೆಯಿಂದ ಬಂದರೆ ಮನೆಯವರೆಲ್ಲ ಅವನ ಸುತ್ತ ನಿಲ್ಲುತ್ತಾರೆ. ಹೆಂಗಸು ಎದ್ದು ನಡೆದಾಡಿದ್ದು ಕಂಡರೆ ಸಾಕು, ಒಲೆ ಅವಳನ್ನು ಕರೆಯುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅವಳೇ ಹೋಗಿ ನಿಲ್ಲುತ್ತಾಳೆ. ನೋಡಲು ಬಂದವರಿಗೆ ಕಾಫಿ ಮಾಡಲು ರೋಗಿಯೇ ಏಳುವ ಮನೆಗಳನ್ನು ನಾನು ಕಂಡಿದ್ದೇನೆ. ಬೇಗ ಮನೆಗೆ ಕಳಿಸುವ ಈ ಕ್ರಮ ಹೆಂಗಸರಿಗೆ ವರವಾಗಬೇಕಾದರೆ ನೀರು ಹಿಡಿಯುವವರು ಯಾರು, ಅಡಿಗೆ ಯಾರದು ಎಂಬುದು ಆಪರೇಷನ್ನಿಗೆ ಮೊದಲೇ ತೀರ್ಮಾನವಾಗಿರಬೇಕು. ಆ ಘಟನೆಯ ಮೇಲೆ ನಮ್ಮಣ್ಣ ನಲ್ಲಿ ನೀರಿನ ಹೊತ್ತಿಗೆ ತೋಟದಿಂದ ಬರತೊಡಗಿದ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಮನೆಗೆ ಬಂದ ಮೇಲೆ 100.4 ಡಿಗ್ರಿ ಅಥವಾ ಅದಕ್ಕೂ ಮೇಲೆ ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಕಣ್ಣು ಅಥವಾ ಮೂತ್ರ ಹಳದಿಯಾಗುವುದು, ನಿಲ್ಲದ ವಾಂತಿ, ಗಾಯದಿಂದ ಕೀವು ಅಥವಾ ಹಸಿರು-ಹಳದಿ ನೀರು, ಒಂದು ಕಾಲಿನ ಮೀನಖಂಡದಲ್ಲಿ ಊತ-ನೋವು, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. “ನಾಳೆ ನೋಡೋಣ” ಎನ್ನಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೆಲವರಿಗೆ ನಾಲ್ಕು ವಾರದವರೆಗೂ ಚುಚ್ಚುಮದ್ದು ಬರೆದುಕೊಡುತ್ತಾರೆ. ಆರಾಮಾಗಿದ್ದೇನೆಂದು ಅದನ್ನು ನಡುವೆ ನಿಲ್ಲಿಸಬಾರದು.

ಈ ಕ್ರಮ ಎಲ್ಲರಿಗೂ ಒಂದೇ ಅಳತೆಯ ಕುಪ್ಪಸವಲ್ಲ. ಕಾಮಾಲೆ ಇದ್ದವರಿಗೆ, ಪಿತ್ತನಾಳವನ್ನೂ ತೆಗೆದು ಕರುಳಿಗೆ ಜೋಡಿಸಿದವರಿಗೆ, ಹೃದಯದ ತೊಂದರೆ ಇದ್ದವರಿಗೆ ಡಾಕ್ಟರರು ನಿಧಾನ ಮಾಡುತ್ತಾರೆ. ಅದು ಹಿನ್ನಡೆಯಲ್ಲ. ಪಕ್ಕದ ಮಂಚದವರು ಐದನೇ ದಿನ ಹೋದರೆಂದು ನಮ್ಮವರನ್ನು ಹೋಲಿಸಬಾರದು.

ಆಪರೇಷನ್ನಿಗೆ ಮೊದಲು ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ:

ನಿಮ್ಮಲ್ಲಿ ತ್ವರಿತ ಚೇತರಿಕೆ ಕ್ರಮ ಇದೆಯೇ? ನಮ್ಮ ರೋಗಿಗೆ ಹೊಂದುತ್ತದೆಯೇ?
ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಏನು ಮಾಡಬೇಕು?
ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು, ನೀರು ಎಷ್ಟು ಗಂಟೆಗೆ?
ನೋವಿಗೆ ಯಾವ ವ್ಯವಸ್ಥೆ? ರಾತ್ರಿ ಯಾರನ್ನು ಕರೆಯಬೇಕು?
ಯಾವಾಗ ಎಬ್ಬಿಸುತ್ತೀರಿ? ನಾವು ಹೇಗೆ ಸಹಾಯ ಮಾಡಬೇಕು?
ಮನೆಗೆ ಹೋದ ಮೇಲೆ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಅಷ್ಟು ಅವಸರವೇಕೆ?

ಬೇಗ ಎದ್ದರೆ ಕ್ಯಾನ್ಸರ್ ವಾಸಿಯಾಗುತ್ತದೆಯೇ? ಇಲ್ಲ. ಹಾಗೆಂದು ಯಾರೂ ಹೇಳುವುದಿಲ್ಲ. ಪಿತ್ತಕೋಶದ ಕ್ಯಾನ್ಸರ್ ಕಠಿಣವಾದ ರೋಗ, ಆಪರೇಷನ್ನಿನ ನಂತರವೂ ಮರಳಿ ಬರಬಹುದು. ಅದಕ್ಕೇ ಅನೇಕರಿಗೆ ಆಮೇಲೆ ಔಷಧ ಚಿಕಿತ್ಸೆ ಬೇಕಾಗುತ್ತದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ನಂತರ ಕೇಪ್‌ಸೈಟಬೀನ್ ಎಂಬ ಮಾತ್ರೆಯನ್ನು ಸುಮಾರು ಆರು ತಿಂಗಳು ಕೊಡುವುದು ರೂಢಿಗೆ ಬಂದಿದೆ. ಆ ಮಾತ್ರೆ ತಡೆದುಕೊಳ್ಳಲು ಮೈಯಲ್ಲಿ ತ್ರಾಣ ಬೇಕು, ಗಾಯ ಮಾಯ್ದಿರಬೇಕು, ಊಟ ಸೇರುತ್ತಿರಬೇಕು. ಹಾಸಿಗೆ ಹಿಡಿದು ಸೊರಗಿದವರಿಗೆ ಆ ಚಿಕಿತ್ಸೆ ತಡವಾಗುತ್ತದೆ, ಕೆಲವರಿಗೆ ಕೊಡಲಿಕ್ಕೇ ಆಗುವುದಿಲ್ಲ. ಬೇಗ ಏಳುವುದರ ಬೆಲೆ ಇರುವುದು ಇಲ್ಲಿ.

ಅತ್ತಿಗೆಗೆ ಏಳನೇ ವಾರಕ್ಕೆ ಮಾತ್ರೆ ಶುರುವಾಯಿತು. ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತಿತ್ತು, ಬಾಯಿ ಹುಣ್ಣಾಯಿತು. ಒಮ್ಮೆ ಎರಡು ವಾರ ನಿಲ್ಲಿಸಬೇಕಾಯಿತು. ಆದರೂ ಮುಗಿಸಿದರು. ಈಗ ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರುತ್ತಾರೆ. ಪ್ರತಿ ಸಲವೂ ವರದಿ ಬರುವ ತನಕ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಕಳೆದ ಸಲ ಬಂದಾಗ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಬಂದಿದ್ದರು. ಬ್ಯಾಗು ಅಣ್ಣನ ಕೈಯಲ್ಲಿತ್ತು. ಊಟಕ್ಕೆ ತಟ್ಟೆ ಹಾಕುವಾಗ ಎಂದಿನಂತೆ “ನೀವೆಲ್ಲ ಕೂತ್ಕೊಳ್ಳಿ, ನಾನು ಆಮೇಲೆ...” ಎಂದು ಶುರುಮಾಡಿದರು. ಅಣ್ಣ ಏನೂ ಹೇಳದೆ ಮೊದಲ ತಟ್ಟೆಯನ್ನು ಅವರ ಮುಂದೆ ಸರಿಸಿದ.